ಸಾಬೂನು ಕಾರ್ಖಾನೆಯ ಘಮ ಊರಿಗೆಲ್ಲ ಹರಡಿದ ದಿನ

ಅಂದು ಊರು ಏಳಲೋ ಬೇಡವೋ ಎಂಬಂತೆ ಎದ್ದಿತು. ಮಂಜು ಕಿಟಕಿಗಳವರೆಗೂ ಬಂದು ನಿಂತಿತ್ತು, ಅದರ ತುಂಬ ಗುಲಾಬಿಯ ಘಮ. ಹಾಲು ಹಾಕುವವನು ಮೂರು ಮನೆ ದಾಟಿ ಹೋಗಿ, ಯಾಕೆ ಬಂದೆ ಎಂಬುದೇ ಮರೆತು ಸೈಕಲ್ಲಿಗೆ ಒರಗಿ ನಿಂತ. ಹೊಲಿಗೆ ಅಂಗಡಿಯಾಕೆ ಬೀಗಕ್ಕೆ ಕೈ ಹಾಕಿದವಳು, ಎಂದೋ ತೀರಿಕೊಂಡ ಅಮ್ಮ ಆಗಷ್ಟೇ ಮಿಂದು ಬಂದು ಬೆನ್ನ ಹಿಂದೆ ಕೂದಲು ಒರೆಸಿಕೊಳ್ಳುತ್ತಿದ್ದಾಳೆ ಅನ್ನಿಸಿ ತಟ್ಟನೆ ತಿರುಗಿ ನೋಡಿದಳು. ಹಿಂದೆ ಬರೀ ಬಿಳಿ ಮಂಜು.

ಘಮ ಏಳುತ್ತಿದ್ದದ್ದು ಕಾಲುವೆಯಿಂದ. ಸಾಬೂನು ಕಾರ್ಖಾನೆಯ ಬಿಸಿನೀರು ಊರ ನಡುವೆ ಹಾದು ಹೊಳೆ ಸೇರುವ ಕಾಲುವೆ ಅದು. ಬೆಳಗಿನ ಜಾವ ಟ್ಯಾಂಕಿನ ವಾಲ್ವು ಕೈಕೊಟ್ಟು, ನಾಲ್ಕು ಡ್ರಮ್ಮಿನಷ್ಟು ಸುಗಂಧದ ಎಣ್ಣೆ ಆ ನೀರಿಗೆ ಸೇರಿ ಹಬೆಯಾಗಿ ಊರನ್ನು ಮುಚ್ಚಿತ್ತು.

ಕಾರ್ಖಾನೆಯಲ್ಲಿ ಇಂಥ ಹೊತ್ತಿಗೆಂದೇ ಒಬ್ಬರನ್ನು ನೇಮಿಸಿಕೊಂಡಿದ್ದರು. ಸರ್ಕಾರದ ಭದ್ರತಾ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು, ದೊಡ್ಡ ದೊಡ್ಡವರ ಕಾವಲು ಪಡೆಯ ಮುಖ್ಯಸ್ಥೆಯಾಗಿ ನಿವೃತ್ತರಾದ ಹೆಂಗಸು. ಬಂದ ಮೊದಲ ದಿನವೇ ಗೇಟಿನಲ್ಲಿ ಸಿಕ್ಕಿಕೊಂಡಿದ್ದ ಲಾರಿಗಳನ್ನು ಸೀಟಿ ಊದಿ ಬಿಡಿಸಿದ್ದರಿಂದ ಕೆಲಸಗಾರರ ಬಾಯಲ್ಲಿ ಅವರು ಸೀಟಿ ಮೇಡಂ. ಮೂರು ತಿಂಗಳಿಂದ ಅವರಿಗೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ‘ಮೇಡಂಗೆ ನೊಣ ಹೊಡೆಯೋಕೆ ಸಂಬಳ’ ಎಂದು ಪ್ಯಾಕಿಂಗ್ ವಿಭಾಗದ ಹೆಂಗಸರು ನಗುತ್ತಿದ್ದರು.

ಏಳೂವರೆಗೆ ಅವರು ಕಚೇರಿ ಮುಟ್ಟಿದಾಗ ಮೇಜಿನ ಮೇಲಿದ್ದ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಯಜಮಾನರು ಬೆವರುತ್ತ ನಿಂತಿದ್ದರು. ಅಪ್ಪನಿಂದ ಕಾರ್ಖಾನೆ ಕೈಗೆ ಬಂದು ಎರಡೇ ವರ್ಷವಾಗಿದ್ದ ಮನುಷ್ಯ.

“ವಿಷದ ಗಾಳಿ ಬಿಟ್ಟಿದ್ದಾರೆ ಅಂತ ಸುದ್ದಿ ಹಬ್ಬಿದೆ ಮೇಡಂ. ಜನ ಮಕ್ಕಳುಮರಿ ಕಟ್ಕೊಂಡು ಸೇತುವೆ ಕಡೆ ಹೊರಟಿದ್ದಾರೆ. ಗೇಟ್ ಹಾಕ್ಸಿಬಿಡಿ. ಏನೂ ಅಪಾಯ ಇಲ್ಲ ಅಂತ ಒಂದು ಚೀಟಿ ಅಂಟ್ಸಿದ್ರೆ ಸಾಕು.”

“ಅಪಾಯ ಇಲ್ಲ ಅಂತ ಹೇಳಿದ್ದು ಯಾರು?”

“ಯಾರೂ ಹೇಳಿಲ್ಲ. ಇರಲಾರದು ಅಂತ...”

ಸೀಟಿ ಮೇಡಂ ಸೀದಾ ಪರಿಮಳ ಬೆರೆಸುವ ಕೋಣೆಗೆ ನಡೆದರು. ಅಲ್ಲಿ ನಲವತ್ತು ವರ್ಷದಿಂದ ಒಬ್ಬ ಮುದುಕರಿದ್ದರು. ಕಣ್ಣು ಮುಚ್ಚಿಕೊಂಡು ಇನ್ನೂರು ಬಾಟಲಿ ಗುರುತು ಹಿಡಿಯುವ ಅವರನ್ನು ಎಲ್ಲರೂ ಮೂಗಜ್ಜ ಎನ್ನುತ್ತಿದ್ದರು. ಸಾಲು ಸಾಲು ಕಂದು ಬಾಟಲಿಗಳ ನಡುವೆ ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

“ಅಜ್ಜ, ಹೋಗಿರೋದು ಏನು? ಯಾರಿಗೆ ತೊಂದರೆ? ಎಷ್ಟು ಹೊತ್ತು ಇರುತ್ತೆ?”

“ಎಣ್ಣೆಯಿಂದ ಸಾಯೋರು ಯಾರೂ ಇಲ್ಲ ತಾಯಿ. ಉಬ್ಬಸ ಇರೋರಿಗೆ ಕಷ್ಟ, ಕಣ್ಣು ಉರಿಯುತ್ತೆ. ಬಿಸಿಲು ಬಂದ್ರೆ ಇಳಿಯುತ್ತೆ.” ಅಜ್ಜ ತಡೆದರು. “ಆದ್ರೆ ಪಕ್ಕದ ಟ್ಯಾಂಕಲ್ಲಿ ಎಣ್ಣೆ ತೆಳು ಮಾಡೋ ದ್ರವ ಇತ್ತು. ಅದೂ ಸೋರಿದೆಯೋ ಇಲ್ವೋ ನನ್ನ ಮೂಗಿಗೆ ತಿಳೀತಿಲ್ಲ. ಗುಲಾಬಿ ಎಲ್ಲಾನೂ ಮುಚ್ಚಿಬಿಟ್ಟಿದೆ. ನೀರು ಪರೀಕ್ಷೆ ಮಾಡ್ಬೇಕು. ಗೊತ್ತಾಗೋ ಹೊತ್ತಿಗೆ ಬೆಳಿಗ್ಗೆ ಹತ್ತು ಗಂಟೆ ಆಗುತ್ತೆ.”

“ಸೋರಿದ್ರೆ?”

“ಕಾಲುವೆ ಪಕ್ಕದ ಮನೆಯವರು ಅಲ್ಲಿ ಇರಬಾರದು.”

ಸೀಟಿ ಮೇಡಂ ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಹನ್ನೆರಡು ವರ್ಷದ ಹಿಂದೆ, ಒಂದು ದೊಡ್ಡ ಮೈದಾನದಲ್ಲಿ, ವೇದಿಕೆಯ ಹಿಂದಿನ ಜನರೇಟರ್ ಢಮ್ಮೆಂದಿತ್ತು. ಏನಾಗಿದೆ ಎಂದು ಖಚಿತವಾಗುವ ತನಕ ಯಾರೂ ಬಾಯಿ ಬಿಡಕೂಡದು ಎಂದು ಮೇಲಿನಿಂದ ಆಜ್ಞೆ ಬಂತು. ಮೈಕು ಅವರ ಕೈಯಲ್ಲೇ ಇತ್ತು. ಅವರು ಬಾಯಿ ಬಿಡಲಿಲ್ಲ. ನಾಲ್ಕೇ ನಿಮಿಷ. ಅಷ್ಟರಲ್ಲಿ ಜನ ತಮಗೆ ತೋಚಿದ್ದನ್ನೇ ನಿಜ ಮಾಡಿಕೊಂಡು ಓಡಿದರು. ಬಿದ್ದವರಲ್ಲಿ ಇಬ್ಬರು ಏಳಲಿಲ್ಲ. ವಿಚಾರಣೆಯಲ್ಲಿ ಅವರದೇನೂ ತಪ್ಪಿಲ್ಲವೆಂದು ಬರೆದರು. ಆ ಕಾಗದವನ್ನು ಅವರು ಎರಡನೇ ಸಲ ಓದಲಿಲ್ಲ.

ಯಜಮಾನರ ಹತ್ತಿರ ಬಂದು, “ನಡೀರಿ, ಸೇತುವೆಗೆ,” ಎಂದರು.

“ನಾನಾ? ಹೊಡೀತಾರೆ ಮೇಡಂ!”

“ಹೊಡೆದ್ರೂ ಹೊಡೀಬಹುದು. ನಿಮ್ಮ ಪಕ್ಕದಲ್ಲೇ ಇರ್ತೀನಿ. ಗೊತ್ತಿರೋದನ್ನ ಹೇಳಿ, ಗೊತ್ತಿಲ್ಲದೇ ಇರೋದು ಗೊತ್ತಿಲ್ಲ ಅಂತಾನೂ ಹೇಳಿ.”

ಹೊರಡುವ ಮುನ್ನ ಕಾರ್ಖಾನೆಯ ಲಾರಿಗಳನ್ನೆಲ್ಲ ಸೇತುವೆಯಿಂದ ಈಚೆಗೆ ತರಿಸಿದರು. ದಿಬ್ಬದ ಮೇಲಿನ ಶಾಲೆಯ ಬಾಗಿಲು ತೆಗೆಸಿ, ಡಾಕ್ಟರನ್ನು ಅಲ್ಲಿಗೆ ಕಳಿಸಿದರು. ಮೂವತ್ತು ಕೆಲಸಗಾರರನ್ನು ಹತ್ತತ್ತು ಹೆಜ್ಜೆಗೊಬ್ಬರಂತೆ ಸೇತುವೆಯ ಕಟಕಟೆಯ ಉದ್ದಕ್ಕೂ ನಿಲ್ಲಿಸಿದರು. ಯಾರನ್ನೂ ತಡೆಯಬೇಡಿ, ಕೇಳಿದವರಿಗೆ ದಾರಿ ಮಾತ್ರ ತೋರಿಸಿ ಎಂದರು.

ಸೇತುವೆಯ ಮೇಲೆ ಜನ ಮಂಜಿನೊಳಗೆ ತೇಲಿದಂತೆ ಬರುತ್ತಿದ್ದರು. ಸೊಂಟದವರೆಗೆ ಬಿಳುಪು, ಮೇಲೆ ತಲೆ, ತಲೆಯ ಮೇಲೆ ಗಂಟು. ಹೆದರಿದವರ ಮುಖದಲ್ಲೂ ಅರ್ಧ ನಿದ್ದೆಯಂಥದೊಂದು ಮೃದುತನವಿತ್ತು. ಒಂದು ಮಗು ಅಪ್ಪನ ಹೆಗಲ ಮೇಲೆ ಕೂತು ಗಾಳಿಯನ್ನು ಹಿಡಿಹಿಡಿಯಾಗಿ ತಿನ್ನುತ್ತಿತ್ತು.

ಯಜಮಾನರು ಧ್ವನಿವರ್ಧಕ ಹಿಡಿದು, ಒಂದು ಸ್ಟೂಲಿನ ಮೇಲೆ ನಿಂತರು.

“ಇದು ನಮ್ಮ ಕಾರ್ಖಾನೆಯಿಂದಾನೇ ಆಗಿದ್ದು. ತಪ್ಪು ನಮ್ಮದು. ಸೋರಿರೋದು ಸಾಬೂನಿಗೆ ಹಾಕೋ ಸುಗಂಧದ ಎಣ್ಣೆ, ಅದು ವಿಷ ಅಲ್ಲ. ಅದರ ಜೊತೆ ಇನ್ನೊಂದು ದ್ರವ ಸೋರಿದೆಯಾ ಅನ್ನೋದು ನಮಗಿನ್ನೂ ಗೊತ್ತಿಲ್ಲ. ಹತ್ತು ಗಂಟೆಗೆ ಗೊತ್ತಾಗುತ್ತೆ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ.”

“ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಗಲ್ವೇನಯ್ಯ!” ಎಂದು ಗಾರೆ ಕೆಲಸದವನೊಬ್ಬ ಮುನ್ನುಗ್ಗಿ ಯಜಮಾನರ ಕೊರಳಪಟ್ಟಿಗೆ ಕೈ ಹಾಕಿದ.

ಸೀಟಿ ಮೇಡಂ ಬಲಗೈ ತಾನೇ ತಾನಾಗಿ ಎದ್ದಿತು. ಮೂವತ್ತೊಂದು ವರ್ಷ ಅವರ ಕೆಲಸವೆಂದರೆ ದೊಡ್ಡವರನ್ನು ಜನರಿಂದ ದೂರ ಇಡುವುದು. ಎದ್ದ ಕೈಯನ್ನು ಪ್ರಯತ್ನಪಟ್ಟು ಇಳಿಸಿಕೊಂಡರು. ಯಜಮಾನರೂ ಕೊಸರಾಡಲಿಲ್ಲ.

“ಆಗುತ್ತೆ ಕಣಪ್ಪ,” ಎಂದರು ಸಣ್ಣಗೆ. “ತುಂಬ ನಾಚಿಕೆ ಆಗ್ತಿದೆ.”

ಗಾರೆಯವನು ಕೈ ಬಿಟ್ಟ. ಮುಂದೇನು ಮಾಡಬೇಕೆಂದು ತೋಚದೆ, ಮುದುರಿದ ಕೊರಳಪಟ್ಟಿಯನ್ನು ತಾನೇ ಸರಿಮಾಡಿದ.

ಆಗ ಗುಂಪಿನ ನಡುವಿನಿಂದ ಒಂದು ದನಿ ಬಂತು. “ಉಬ್ಬಸ ಇರೋರು ಏನು ಮಾಡ್ಬೇಕು, ಅದನ್ನ ಹೇಳ್ರೀ ಮೊದಲು!” ಮೂಗಿಗೆ ಟವೆಲು ಸುತ್ತಿಕೊಂಡ ಎಪ್ಪತ್ತರ ಹೆಂಗಸು. ಸೀಟಿ ಮೇಡಂ ಗುರುತು ಹಿಡಿದರು. ತಮ್ಮ ಮನೆಯಲ್ಲೇ ಜೊತೆಗಿರುವ ಸ್ವಂತ ಅಕ್ಕ. ಅಕ್ಕ ಮಾತ್ರ ಗುರುತೇ ಇಲ್ಲದವಳಂತೆ ನೋಡುತ್ತಿದ್ದಳು.

“ಉಬ್ಬಸ ಇರೋರು, ಬಸುರಿಯರು, ಎಳೇ ಮಕ್ಕಳು ಈಗಲೇ ದಿಬ್ಬದ ಮೇಲಿನ ಶಾಲೆಗೆ ಹೋಗಿ. ಡಾಕ್ಟರು ಅಲ್ಲಿದ್ದಾರೆ, ಲಾರಿಗಳು ಸಿದ್ಧವಾಗಿವೆ,” ಎಂದರು ಸೀಟಿ ಮೇಡಂ. “ನೀವೂ ಹತ್ತಿ ಅಮ್ಮ.”

“ಹತ್ತೋಣ, ಹತ್ತೋಣ. ಉಳಿದೋರು ಹತ್ತಲಿ,” ಎಂದು ಅಕ್ಕ ಅಲ್ಲೇ ಕಟಕಟೆಗೆ ಒರಗಿದಳು.

ಹತ್ತು ಗಂಟೆಗೆ ಐದು ನಿಮಿಷವಿದ್ದಾಗ ಮೂಗಜ್ಜ ಓಡಿಬಂದರು. ದ್ರವವೂ ಸೋರಿತ್ತು. ಸ್ವಲ್ಪವೇ, ಆದರೂ ಸೋರಿತ್ತು. ಯಜಮಾನರು ಮತ್ತೆ ಸ್ಟೂಲು ಹತ್ತಿ ಅದನ್ನೂ ಹೇಳಿದರು. ಈ ಸಲ ಯಾರೂ ಕೂಗಲಿಲ್ಲ. ಕಾಲುವೆ ಬದಿಯ ನೂರಾ ಹದಿನಾಲ್ಕು ಮನೆಯವರು ಬೀಗ ಹಾಕಿಕೊಂಡು, ನೆಂಟರ ಮನೆಗೆ ಹೊರಟವರಂತೆ ಒಬ್ಬರನ್ನೊಬ್ಬರು ಕರೆಯುತ್ತ ದಿಬ್ಬ ಹತ್ತಿದರು. ಒಂಬತ್ತು ಜನ ಆಸ್ಪತ್ರೆ ಸೇರಿದರು, ಸಂಜೆಯೊಳಗೆ ಒಂಬತ್ತೂ ಜನ ಮನೆಗೆ ಬಂದರು.

ಮಧ್ಯಾಹ್ನ ಮಂಜು ಕರಗಿದರೂ ಘಮ ಉಳಿದಿತ್ತು. ಶಾಲೆಯ ಕೋಣೆಗಳಲ್ಲಿ ಊರಿಗೆ ಊರೇ ಮಲಗಿತ್ತು. ಬೆಂಚಿನ ಮೇಲೆ, ಚಾಪೆಯ ಮೇಲೆ, ಗೋಡೆಗೊರಗಿ. ಗಾರೆಯವನು ನಿದ್ದೆಯಲ್ಲಿ ನಗುತ್ತಿದ್ದ. ಹೊಲಿಗೆ ಅಂಗಡಿಯಾಕೆ ಕಣ್ಣು ಮುಚ್ಚಿಕೊಂಡೇ ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದಳು. ಕರಿಹಲಗೆಯ ಕೆಳಗೆ ಯಜಮಾನರು ಶೂ ಬಿಚ್ಚಿಟ್ಟು ಕಾಲು ಚಾಚಿದ್ದರು.

ಸೀಟಿ ಮೇಡಂ ಅಕ್ಕನ ಪಕ್ಕ ಬಂದು ಚಿಕ್ಕ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು.

“ಉಬ್ಬಸ ಇಟ್ಕೊಂಡು ಅಲ್ಲೀ ತನಕ ಯಾಕೆ ಬಂದೆ ಅಕ್ಕಾ? ಈ ವಾಸನೇಲಿ?”

“ಯಾವ ವಾಸನೆ? ಮೂರು ದಿನದಿಂದ ನೆಗಡಿ ಕಣೇ, ನನಗೇನೂ ಗೊತ್ತಾಗ್ತಿಲ್ಲ,” ಎಂದು ಅಕ್ಕ ಟವೆಲಿನಿಂದ ಮೂಗು ಒರೆಸಿಕೊಂಡಳು. “ಫೋನ್ ಮಾಡಿದ್ರೆ ನೀನು ಎತ್ತಲಿಲ್ಲ. ಅದಕ್ಕೆ ಬಂದೆ.”

ಅಕ್ಕ ಸ್ವಲ್ಪ ಸರಿದು ಜಾಗ ಮಾಡಿದಳು. ಸೀಟಿ ಮೇಡಂ ಅಲ್ಲೇ ತಲೆಯಿಟ್ಟು, ಅಕ್ಕನ ಮುಂದಿನ ಮಾತು ಮುಗಿಯುವ ಮೊದಲೇ ನಿದ್ದೆಹೋದರು.