ತಂಗಿಯ ಟರ್ಬೊ

ನಮ್ಮ ಮನೆಯಲ್ಲಿ ಕಾರುಗಳನ್ನು ಪರೀಕ್ಷಿಸುವ ಉಪಕರಣ ನಾನೇ. ಅಪ್ಪ ತಮ್ಮ ಗ್ಯಾರೇಜಿನಲ್ಲಿ ಎಂಜಿನ್ ಟ್ಯೂನ್ ಮಾಡಿದ ಮೇಲೆ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಗುಡ್ಡದ ರಸ್ತೆಗೆ ಹೋಗುತ್ತಾರೆ. ಬಾಗಿಲ ಮೇಲಿನ ಹಿಡಿಗೆ ನನ್ನ ಕೈ ಹೋಯಿತೆಂದರೆ ಕಾರು ಫೇಲ್. "ಇಂಥ ಪುಕ್ಕಲು ಮೀಟರ್ ಯಾವ ಅಂಗಡೀಲೂ ಸಿಗಲ್ಲ" ಎಂದು ಗಿರಾಕಿಗಳ ಎದುರಿಗೇ ಹೊಗಳುತ್ತಾರೆ.

ಈ ಸಲ ಪರೀಕ್ಷೆ ತಂಗಿಗೆ. ಗ್ಯಾರೇಜಿನಲ್ಲಿ ಎಷ್ಟು ದುಡಿದರೂ ಗಿರಾಕಿಯ ಎಂಜಿನ್ನನ್ನು ಒಬ್ಬಳೇ ಟ್ಯೂನ್ ಮಾಡಲು ಅಪ್ಪ ಅವಳಿಗೆ ಬಿಟ್ಟಿರಲಿಲ್ಲ. "ಮನೆ ಕಾರನ್ನ ಓಡಿಸೋಕೆ ಖುಷಿಯಾಗೋ ಹಾಗೆ ಮಾಡು. ಪಾಸಾದ್ರೆ ಮುಂದಿನ ಗಿರಾಕಿ ನಿನ್ನವನು. ಇಲ್ಲಾಂದ್ರೆ ಇನ್ನೊಂದು ವರ್ಷ ಆಯಿಲ್ ಬದಲಾಯಿಸ್ತಿರು" ಎಂದಿದ್ದರು. ಅವಳು ಹೋಗಿ ಹೋಗಿ ಟರ್ಬೊ ಕೂರಿಸಿದಳು. ಅಪ್ಪನ ಪಾಲಿಗೆ ಅದು ಮಗಳು ಮನೆ ಬಿಟ್ಟು ಓಡಿಹೋದಷ್ಟು ದೊಡ್ಡ ಸುದ್ದಿ.

"ಎಂಜಿನ್ ತಾನಾಗೇ ಉಸಿರೆಳೀಬೇಕು ಕಣೇ. ಬಾಯಿಗೆ ಗಾಳಿ ತುರುಕೋದೇನು?"

"ತುರುಕೋದಲ್ಲಪ್ಪ. ಹೊರಗೆ ಹೋಗೋ ಹೊಗೇನೇ ಒಂದು ಪುಟ್ಟ ಫ್ಯಾನ್ ತಿರುಗಿಸತ್ತೆ. ಅದು ಜಾಸ್ತಿ ಗಾಳಿ ಒಳಗೆ ತಳ್ಳತ್ತೆ. ಬಿಟ್ಟಿ ಶಕ್ತಿ."

"ಬಿಟ್ಟಿ ಸಿಕ್ಕಿದ್ದು ಯಾವತ್ತು ನಿಂಗೆ ದಕ್ಕಿದೆ?"

ಹೊರಡುವ ಮುಂಚೆ ತಂಗಿ ನನ್ನನ್ನು ಟೈರುಗಳ ಹಿಂದಕ್ಕೆ ಎಳೆದುಕೊಂಡು ಹೋದಳು. "ಅಕ್ಕ, ನಿನ್ನ ದಮ್ಮಯ್ಯ, ಕೈ ಮೇಲೆತ್ತಬೇಡ." ಒಪ್ಪಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಕಾರು ಹತ್ತಿದವಳೇ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತೆ.

ತಂಗಿ ಓಡಿಸಿದಳು, ಅಪ್ಪ ಹಿಂದೆ ಕೂತರು. ಮೊದಲ ಏರಿನಲ್ಲಿ ಅವಳು ಆಕ್ಸಿಲರೇಟರ್ ಒತ್ತಿದರೆ ಏನೂ ಆಗಲಿಲ್ಲ. ಸದ್ಯ, ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಯಾರೋ ಹಿಂದಿನಿಂದ ಒದ್ದಂತಾಯಿತು. ತಿರುವು ನಮ್ಮ ಮೇಲೇ ಬಂತು.

"ಮೀಟರ್ ಯಾಕೆ ಮುಚ್ಚಿಟ್ಟಿದ್ದೀಯ?" ಹಿಂದಿನಿಂದ ಅಪ್ಪ ಕೇಳಿದರು. ಕೈ ಹೊರತೆಗೆದೆ. ಮುಂದಿನ ಏರಿನಲ್ಲಿ ಅದು ನನ್ನನ್ನು ಕೇಳದೆಯೇ ಹಿಡಿಗೆ ಹಾರಿತು.

"ಫೇಲ್" ಎಂದರು ಅಪ್ಪ. "ಅರ್ಧ ನಿದ್ದೆ, ಅರ್ಧ ಹುಚ್ಚು. ಖುಷಿ ಎಲ್ಲಿದೆ ಇದರಲ್ಲಿ?"

ತಂಗಿ ಕಾರನ್ನು ಬದಿಗೆ ನಿಲ್ಲಿಸಿದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಅಕ್ಕ, ಹೆದರಿದ್ದು ಸ್ಪೀಡಿಗಾ?"

ಸ್ವಲ್ಪ ಯೋಚಿಸಿದೆ. "ಅಲ್ಲ. ಅದು ಯಾವಾಗ ಬರತ್ತೆ ಅಂತ ಗೊತ್ತಾಗಲಿಲ್ಲ. ಅದಕ್ಕೆ."

"ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು? ಎಲ್ಲರೂ ನನ್ನ ಕೈ ನೋಡ್ತಿದ್ರಿ."

ಗ್ಯಾರೇಜಿಗೆ ಮರಳಿದ ಮೇಲೆ ಅವಳು ಲ್ಯಾಪ್‌ಟಾಪನ್ನು ಎಂಜಿನ್ನಿಗೆ ಜೋಡಿಸಿಕೊಂಡು ಕೂತುಬಿಟ್ಟಳು. ಟರ್ಬೊದ ತಳ್ಳು ಬೇಗ ಶುರುವಾಗಿ ಮೆಲ್ಲಮೆಲ್ಲನೆ ಏರುವಂತೆ ಮಾಡಿದಳು. ಕಾಲು ಎಷ್ಟು ಕೇಳಿದರೆ ಅಷ್ಟೇ ಕೊಡಬೇಕು. ಅದಕ್ಕಾಗಿ ಪೂರ್ತಿ ಒತ್ತಿದಾಗ ಸಿಗುವ ಗರಿಷ್ಠ ಶಕ್ತಿಯನ್ನು ಒಂದಿಷ್ಟು ಕಡಿಮೆ ಮಾಡಬೇಕಾಯಿತು. "ಹೊಟ್ಟೆ ಉರೀತಿದೆ ಅಕ್ಕ" ಎನ್ನುತ್ತಲೇ ಮಾಡಿದಳು.

ಅಪ್ಪನನ್ನು ಇನ್ನೊಂದು ಪರೀಕ್ಷೆಗೆ ಒಪ್ಪಿಸಿ, ಭಾನುವಾರ ತಂಗಿ ಕೀಯನ್ನು ನನ್ನ ಕೈಗೆ ಕೊಟ್ಟಳು.

"ಇವಳಾ ಓಡಿಸೋದು?" ಅಪ್ಪ ಹೌಹಾರಿದರು. "ಕೈ ಸ್ಟೀರಿಂಗ್ ಮೇಲಿದ್ರೆ ನಾನೇನು ನೋಡ್ಲಿ?"

"ಕಾಲು ನೋಡಿ" ಎಂದು ತಂಗಿ ಹಿಂದಿನ ಸೀಟು ಹತ್ತಿದಳು.

ಕಾಲೇಜು, ಮಾರುಕಟ್ಟೆ ಬಿಟ್ಟು ಬೇರೆಲ್ಲೂ ನಾನು ಕಾರು ಓಡಿಸಿದವಳಲ್ಲ. ಮೊದಲ ತಿರುವಿನಲ್ಲಿ ಹಾರ್ನ್ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ. ಎರಡನೆಯದರಲ್ಲಿ ತುಸು ಒತ್ತಿದೆ, ತುಸುವೇ ಬಂತು. ಇನ್ನಷ್ಟು ಒತ್ತಿದೆ, ಇನ್ನಷ್ಟು ಬಂತು. ಹೇಳಿದ ಮಾತು ಕೇಳುವ ಶಕ್ತಿಗೆ ಹೆದರುವುದೇಕೆ? ಯಾವಾಗ ನಗಲು ಶುರುಮಾಡಿದೆನೋ ತಿಳಿಯದು. ಎಲ್ಲರೂ ವಾಪಸ್ ತಿರುಗಿಸುವ ಬಯಲು ಬಂತು, ಹಿಂದಕ್ಕೂ ಸರಿಯಿತು.

"ತಿರುಗಿಸಲ್ವೇನೇ?"

"ಇನ್ನೊಂದೇ ತಿರುವು, ಅಪ್ಪ."

ಅಪ್ಪ ನನ್ನ ಕಾಲನ್ನೇ ನೋಡುತ್ತಾ ಕೂತಿದ್ದರು. "ಟರ್ಬೊ ಇಲ್ಲದಾಗ ಎಂಜಿನ್ ಇದಕ್ಕಿಂತ ಚೆನ್ನಾಗಿ ಹಾಡ್ತಿತ್ತು" ಎಂದರು ಕೊನೆಗೆ.

"ಒಪ್ಪಿದೆ. ಪಾಸೋ ಫೇಲೋ ಹೇಳಿ" ಎಂದಳು ತಂಗಿ.

"ನಾಳೆ ಆ ಹಲ್ಲಿನ ಡಾಕ್ಟರ ಕಾರು ಬರತ್ತೆ. ಬಂದ ತಕ್ಷಣ ಟರ್ಬೊ ಗಿರ್ಬೊ ಅನ್ನಬೇಡ. ಅವರಿಗೆ ಏನು ಬೇಕು ಅಂತ ಮೊದಲು ಕೇಳು."

"ಅಂದ್ರೆ... ನಾನೇ ಮಾಡ್ಲಾ?"

"ಇನ್ನು ಅದನ್ನೂ ಬಿಡಿಸಿ ಹೇಳ್ಬೇಕಾ?"

ಹಿಂದಿನಿಂದ ತಂಗಿ ಕೇಕೆ ಹಾಕಿ ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಬಿಡೇ ಮಾರಾಯ್ತಿ," ಕಿರುಚಿದೆ, "ಮುಂದೆ ತಿರುವಿದೆ!"