ಎರಡು ದಡದ ವೆಂಕಟ್ರಮಣ

ಭಟ್ಕಳದ ನಮ್ಮ ಕೇರಿಯಲ್ಲಿ ವೆಂಕಟ್ರಮಣನ ಎದುರು ಒಳ್ಳೆಯ ಸುದ್ದಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಟ್ಯೂಷನ್ನಿಗೆ ಹಾಕಿದ್ದರಿಂದ ಮಗಳಿಗೆ ಒಳ್ಳೆಯ ಮಾರ್ಕು ಬಂತು ಎಂದು ಯಾರಾದರೂ ಹೇಳಿ ಬಾಯಿ ಮುಚ್ಚುವುದರೊಳಗೆ ಅವನು ಕನ್ನಡಕವನ್ನು ಹಣೆಗೇರಿಸಿ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಅತ್ಯಂತ ಮೃದುವಾಗಿ, "ಹಾಕ್ದೇ ಇದ್ದಿದ್ರೆ ಎಂತಾಗ್ತಿತ್ತು?" ಎಂದು ಕೇಳಿಬಿಡುತ್ತಿದ್ದ. ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಅಸೂಯೆಯಿರಲಿಲ್ಲ. ಇದ್ದದ್ದು ಶುದ್ಧ ಜಿಜ್ಞಾಸೆ. ಆದರೆ ಶುದ್ಧ ಜಿಜ್ಞಾಸೆಯನ್ನು ಸಹಿಸಿಕೊಳ್ಳುವ ಶಕ್ತಿ ಮನುಷ್ಯರಿಗೆ ಎಲ್ಲಿದೆ ಮಾರಾಯರೆ! ಅವನ ತಾಯಿ ಮಾಸ್ತಮ್ಮ ಮೊಣಕಾಲು ನೋವು ವಾಸಿಯಾಯಿತೆಂದು ಇಡಗುಂಜಿಗೆ ಹೋಗಿ, ಹರಕೆ ತೀರಿಸಿ, ಪ್ರಸಾದದ ಪೊಟ್ಟಣ ಹಿಡಿದು ಮನೆಯ ಮೆಟ್ಟಿಲು ಹತ್ತುತ್ತಿದ್ದಾಗಲೂ ಇವನು, "ಹರಕೆ ಹೇಳ್ದೇ ಇದ್ದಿದ್ರೂ ನೋವು ಇಳೀತಿತ್ತೇನೋ ಅಮ್ಮಾ" ಎಂದ. ಮಾಸ್ತಮ್ಮ ಸಾಮಾನ್ಯದ ಹೆಂಗಸಲ್ಲ. "ಇಳೀತಿತ್ತು, ಇಳೀತಿತ್ತು. ನೀ ಹುಟ್ದೇ ಇದ್ದಿದ್ರೆ ನಂಗೆ ತಲೆನೋವೂ ಇರ್ತಿರ್ಲಿಲ್ಲ" ಎಂದು ಪ್ರಸಾದವನ್ನು ಅವನ ಬಾಯಿಗೇ ತುರುಕಿದಳು.

ಅವನ ಹೊಟ್ಟೆಪಾಡೂ ಆ ಪ್ರಶ್ನೆಯೇ ಆಗಿತ್ತು. ಹೊಳೆಗೆ ಹಾಕಿದರೂ ಅಳೆದು ಹಾಕು ಎನ್ನುತ್ತಾರಲ್ಲ, ಆ ಅಳೆಯುವ ಕೆಲಸ. ಬಡವರಿಗೆಂದು ಯಾರೋ ಒಂದು ಯೋಜನೆ ತರುತ್ತಾರೆ. ಕೂಲಿಯೋ, ತರಬೇತಿಯೋ, ಹೊಲಿಗೆ ಯಂತ್ರವೋ. ಅದರಿಂದ ನಿಜವಾಗಿ ಯಾರ ಬಾಳಾದರೂ ಬದಲಾಯಿತೇ, ಅಥವಾ ಯೋಜನೆ ಬರದಿದ್ದರೂ ಅಷ್ಟೇ ಆಗುತ್ತಿತ್ತೇ ಎಂದು ಮನೆಮನೆಗೆ ಹೋಗಿ ವಿಚಾರಿಸಿ ವರದಿ ಬರೆಯುವ ಒಂದು ಸಂಸ್ಥೆಯಲ್ಲಿ ಅವನು ಸಂಶೋಧಕ. ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರಿಗೆ, ಎಲೆಯ ಮೇಲೆ ಸಾರು ಹರಿದು ಹೋಗುತ್ತಿದ್ದರೂ ಗಮನಿಸದೆ, ಇದನ್ನು ವಿವರಿಸುತ್ತಿದ್ದ. "ಒಬ್ಬ ಮನುಷ್ಯನ ಮಟ್ಟಿಗೆ ಇದಕ್ಕೆ ಉತ್ತರವೇ ಇಲ್ಲ. ಒಬ್ಬನೇ ಎರಡು ಬಾಳು ಬಾಳೂಕೆ ಆಗ್ತದಾ? ಅದ್ಕೇ ಎರಡು ಊರು ಬೇಕು. ಯೋಜನೆ ಬಂದದ್ದು ಒಂದು, ಬಾರದ್ದು ಒಂದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ಆತು." ಪಕ್ಕದವರು ಪಾಯಸ ಬಂತೆಂದು ನೆಪ ಹೇಳಿ ಆಚೆ ತಿರುಗುತ್ತಿದ್ದರು.

ಚೀಲ ಹೊತ್ತು ಹೊತ್ತು ಬಲಭುಜ ಇಳಿದುಹೋದ ಕೃಶ ಶರೀರ. ಕರಾವಳಿಯ ಕುದಿಯುವ ಸೆಕೆಯಲ್ಲೂ ಬಿಡದ ಬೂದುಬಣ್ಣದ, ತೋಳಿಲ್ಲದ, ಜೇಬುಗಳೇ ಮೈಯಾದ ಒಂದು ಕೋಟು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂತಿರುಗಿ ನೋಡುವ, ಏನನ್ನೋ ಬಿಟ್ಟು ಬಂದವನ ನಡಿಗೆ. ಹೊನ್ನಾವರದ ಕೆಳಗೆ ಶರಾವತಿ ಅಗಲವಾಗಿ ಹರಡಿಕೊಂಡು ಕಡಲಿಗೆ ಸೇರುವಲ್ಲಿ, ಈಚೆ ದಡದಿಂದ ಆಚೆ ದಡಕ್ಕೆ ದೋಣಿಯಲ್ಲಿ ಹೋಗಿಬರುತ್ತಿದ್ದ ಆ ಕೋಟನ್ನು ನೋಡಿ ಅಲ್ಲಿಯ ಜನ ಅವನಿಗೆ ಎರಡು ದಡದ ಸರ್ ಎಂದೇ ಹೆಸರಿಟ್ಟಿದ್ದರು.

ಆ ಹೆಸರಿನ ಹಿಂದೆ ಒಂದು ಯೋಜನೆಯಿತ್ತು. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿ, ನಾಟಿಯೂ ಮುಗಿದು, ಕೂಲಿ ಹೆಂಗಸರು ಬರಿಗೈಯಲ್ಲಿ ಕೂರುವ ಕಾಲಕ್ಕೆ ಅವರಿಗೆ ತೆಂಗಿನ ನಾರಿನ ಹಗ್ಗ ಹೊಸೆಯುವ ಕೆಲಸ ಕೊಡುವುದೆಂದು ಒಂದು ದಾನಿ ಸಂಸ್ಥೆ ನಿಶ್ಚಯಿಸಿತು. ಎಲ್ಲರ ಎದುರು ಚೀಟಿ ಎತ್ತಿದರು. ಅದೃಷ್ಟ ಈಚೆ ದಡಕ್ಕೆ ಬಂತು. ಅಲ್ಲಿ ಹಗ್ಗದ ಶೆಡ್ಡು ಎದ್ದಿತು. ಆಚೆ ದಡ ಹೋಲಿಕೆಗೆಂದು ಉಳಿಯಿತು. ಎರಡು ಮಳೆಗಾಲ ನೋಡಿ, ಗುಣ ಕಂಡರೆ ಆಚೆ ದಡಕ್ಕೂ ಶೆಡ್ಡು ಕೊಡುತ್ತೇವೆ ಎಂದು ಸಂಸ್ಥೆಯವರು ಹೇಳಿದರು. ಅದನ್ನು ಆಚೆ ದಡದ ಹೆಂಗಸರಿಗೆ ಮುಟ್ಟಿಸಿದವನು ವೆಂಕಟ್ರಮಣ. ಖಾಯಂ ಕೆಲಸವಿಲ್ಲದವರಿಗೆ ಮಾತ್ರ ಈ ಯೋಜನೆ ಎಂಬ ನಿಯಮವನ್ನೂ ಅವನೇ ಹೇಳಿದ. ಎರಡೂ ಸತ್ಯವೇ ಆಗಿತ್ತು. ಅವನು ಸುಳ್ಳು ಹೇಳುವ ಜಾತಿಯವನಲ್ಲ.

ಅವನ ನ್ಯಾಯಬುದ್ಧಿಯೋ, ನಗಬೇಕೋ ಅಳಬೇಕೋ ತಿಳಿಯದು! ಈಚೆ ದಡದಲ್ಲಿ ಒಂದು ಮನೆಯಲ್ಲಿ ಚಾ ಕುಡಿದರೆ ಆಚೆ ದಡದಲ್ಲೂ ಒಂದು ಮನೆಯಲ್ಲಿ ಕುಡಿಯಲೇಬೇಕು. ಒಂದು ಕಡೆ ಬಾಳೆಹಣ್ಣು ಕೊಂಡರೆ ಇನ್ನೊಂದು ಕಡೆಯೂ ಕೊಂಡು, ತಿನ್ನಲಾರದೆ ಕೋಟಿನ ಜೇಬಿನಲ್ಲಿ ಕಪ್ಪಾಗಿಸಿ ಮನೆಗೆ ತರುತ್ತಿದ್ದ. ಒಮ್ಮೆ ಈಚೆ ದಡದ ಮುದುಕಿಯೊಬ್ಬಳು ಪ್ರೀತಿಯಿಂದ ಕೊಟ್ಟ ಮೊಗೆಕಾಯಿಯನ್ನು, ಆಚೆ ದಡದಲ್ಲಿ ಯಾರೂ ಕೊಡಲಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸಿ ಬಂದ. ಮುದುಕಿ ಅವನೊಡನೆ ಮಾತು ಬಿಟ್ಟಳು. ತನ್ನಿಂದ ಒಂದು ದಡಕ್ಕೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹೋಲಿಕೆ ಕೆಡುತ್ತದೆ ಎಂಬ ಭಯ ಅವನಿಗೆ. ಅದು ಭಯವೂ ಹೌದು, ಭಕ್ತಿಯೂ ಹೌದು.

ಆಚೆ ದಡದಲ್ಲಿ ಅವನು ಚಾ ಕುಡಿಯುತ್ತಿದ್ದದ್ದು ಲಕ್ಕಿಯ ಮನೆಯಲ್ಲಿ. ಗಂಡ ತೀರಿಹೋದ ಮೇಲೆ ಹೊಳೆಯಲ್ಲಿ ಚಿಪ್ಪು ಹೆಕ್ಕಿ ಮಾರಿ, ತೆಂಗಿನ ಮಡಲಿನ ಪೊರಕೆ ಕಟ್ಟಿ, ಮಗಳು ರೋಹಿಣಿಯನ್ನು ಕುಮಟೆಗೆ ನರ್ಸಿಂಗ್ ಕಲಿಯಲು ಕಳಿಸಿದ ಹೆಂಗಸು. ಎರಡನೆಯ ಮಳೆಗಾಲಕ್ಕೆ ಫೀಸು ಕಟ್ಟಲಾಗದೆ ರೋಹಿಣಿ ಮನೆಗೆ ಬಂದು ಕೂತಳು. "ಎಂತದೂ ಅಡ್ಡಿಲ್ಲ ಸರ್, ಶೆಡ್ಡು ಬರ್ಲಿ, ಮತ್ತೆ ಸೇರಿಸ್ತೆ" ಎಂದು ಲಕ್ಕಿ ನಗುತ್ತಲೇ ಹೇಳಿದಳು. ವೆಂಕಟ್ರಮಣ ಟ್ಯಾಬಿನಲ್ಲಿ ಶಿಕ್ಷಣ ಅರ್ಧಕ್ಕೆ ನಿಂತಿದೆ ಎಂಬಲ್ಲಿ ಬೆರಳೊತ್ತಿದ. ಜೇಬಿನಲ್ಲಿದ್ದ ದುಡ್ಡನ್ನು ಕೊಟ್ಟುಬಿಡೋಣವೆನಿಸಿತಂತೆ. ಕೊಡಲಿಲ್ಲ. ಕೊಟ್ಟರೆ ಹೋಲಿಕೆ ಕೆಡುತ್ತದಲ್ಲ! ಅಂದು ರಾತ್ರಿ ಊಟ ಬಿಟ್ಟು ಎದ್ದ ಮಗನನ್ನು ನೋಡಿ ಮಾಸ್ತಮ್ಮ ದೃಷ್ಟಿ ತೆಗೆದಳು.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ದಡದ ನಡುವಿನ ಅಂತರ ಕುರುಡನಿಗೂ ಕಾಣುವಂತಿತ್ತು. ಈಚೆ ದಡದಲ್ಲಿ ಒಲೆ ತಣ್ಣಗಾಗಲಿಲ್ಲ, ಮಕ್ಕಳು ಶಾಲೆ ಬಿಡಲಿಲ್ಲ. ಆಚೆ ದಡದಲ್ಲಿ ಎಲ್ಲವೂ ಕುಸಿದಿತ್ತು. ಇಷ್ಟು ಸ್ಪಷ್ಟವಾದ ಫಲ ಅವನ ಕಸುಬಿನಲ್ಲಿ ಅಪರೂಪ. ಜನ್ಮದಲ್ಲಿ ಮೊದಲ ಸಲ ಅವನು ನಿಸ್ಸಂಶಯವಾಗಿ ಸಂತೋಷಪಟ್ಟ. ಇನ್ನು ಆಚೆ ದಡಕ್ಕೆ ಶೆಡ್ಡು ಬಂದಂತೆಯೇ, ರೋಹಿಣಿ ಕಾಲೇಜಿಗೆ ಮರಳಿದಂತೆಯೇ!

ಕೊನೆಯ ಸುತ್ತಿನ ಪ್ರಶ್ನೆಗಳೆಲ್ಲ ಮುಗಿದು, ಟ್ಯಾಬು ಚೀಲಕ್ಕೆ ಸೇರಿ, ಲಕ್ಕಿಯ ಜಗುಲಿಯಲ್ಲಿ ಅವನು ಚಾ ಲೋಟ ಹಿಡಿದು ಕುಳಿತಿದ್ದಾಗ ಎದುರಿನ ರಸ್ತೆಯಲ್ಲಿ ಒಂದು ವ್ಯಾನು ಧೂಳೆಬ್ಬಿಸಿ ಹೋಯಿತು. ಒಳಗೆ ತುಂಬ ಹೆಂಗಸರು. ಗೇರುಬೀಜದ ಫ್ಯಾಕ್ಟರಿಯದು, ಮುಂದಿನ ಊರಿನಿಂದ ಬರುವಂಥದು. ಸುಮ್ಮನೆ, ಮಾತಿಗೊಂದು ಮಾತು ಎಂಬಂತೆ, "ಇದು ಇಲ್ಲಿ ನಿಲ್ಲೂದಿಲ್ವಾ ಲಕ್ಕಕ್ಕಾ?" ಎಂದು ಕೇಳಿದ.

"ಮೊದ್ಲು ನಿಲ್ತಿತ್ತು. ಹತ್ತೂವವ್ರೇ ಇಲ್ಲ ಅಂತ ಈಗ ನಿಲ್ಸೂದಿಲ್ಲ."

"ಎಂತಕ್ಕೆ ಹತ್ಲಿಲ್ಲ?"

"ನೀವೇ ಹೇಳಿದ್ರಲ್ಲ ಸರ್, ಖಾಯಂ ಕೆಲ್ಸ ಇದ್ದವ್ರಿಗೆ ಶೆಡ್ಡು ಇಲ್ಲ ಅಂತ. ನೀವು ಬಂದಾಗೆಲ್ಲ ಕೇಳ್ತೀರಿ, ಕೆಲ್ಸಕ್ಕೆ ಹೋಗ್ತೀರಾ ಅಂತ. ಕದ್ದು ಹೋಗಿ, ಇಲ್ಲ ಅನ್ಬಹುದಿತ್ತು ಮತ್ತೆ. ಆದ್ರೆ ಒಂದು ಲೋಟ ಚಾ ಕುಡೀಬೇಕಾದ್ರೂ ಆಚೆ ದಡ ಈಚೆ ದಡ ನೋಡೂ ಮನುಷ್ಯ ನೀವು. ನಿಮ್ಗೆ ಸುಳ್ಳು ಹೇಳೂಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಅದ್ಕೆ ನಾವು ಯಾರೂ ಹೋಗ್ಲೇ ಇಲ್ಲ." ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು, ಪರೀಕ್ಷೆಯಲ್ಲಿ ನಕಲು ಮಾಡದೆ ಪಾಸಾದ ಹುಡುಗಿಯ ಹೆಮ್ಮೆ.

ಅವನಿಗೆ ಚಾ ನೆತ್ತಿಗೇರಿತು. ಈಚೆ ದಡ ಮೇಲೇರಿದ್ದರಿಂದ ಹುಟ್ಟಿದ ಅಂತರವಲ್ಲ ಅದು. ಆಚೆ ದಡ, ಇವನ ಮಾತು ನಂಬಿ, ಬಾಗಿಲಿಗೆ ಬಂದ ಅನ್ನವನ್ನು ಕಳಿಸಿ, ಕಾಯುತ್ತ ಕಾಯುತ್ತ ಕೆಳಗಿಳಿದದ್ದರಿಂದ ಹುಟ್ಟಿದ ಅಂತರ. ಇವನು ಆಸೆ ತೋರಿಸದಿದ್ದರೆ ಆ ಹೆಂಗಸರೆಲ್ಲ ವ್ಯಾನು ಹತ್ತುತ್ತಿದ್ದರು. ಎರಡು ದಡಕ್ಕೂ ಹೆಚ್ಚು ವ್ಯತ್ಯಾಸವೇ ಇರುತ್ತಿರಲಿಲ್ಲ. ಶೆಡ್ಡು ಮಾಡಿದ ಉಪಕಾರವೆಂದು ಅವನು ಅಳೆದು ತಂದದ್ದು, ತನ್ನ ಮಾತು ಮಾಡಿದ ಅಪಕಾರವನ್ನು.

ಅತ್ತ ದರಿ ಇತ್ತ ಪುಲಿ. ಬಾಯಿ ಮುಚ್ಚಿಕೊಂಡು ಇದ್ದ ಅಂಕಿಗಳನ್ನು ಕಳಿಸಿದರೆ ಯೋಜನೆ ಗೆದ್ದಿತು ಎಂದಾಗಿ ಆಚೆ ದಡಕ್ಕೆ ಶೆಡ್ಡು ಬರುತ್ತದೆ. ನಿಜ ಬರೆದರೆ ಶೆಡ್ಡಿನಿಂದ ಗುಣ ಕಾಣಲಿಲ್ಲ ಎಂದಾಗಿ ಯೋಜನೆಯೇ ನಿಲ್ಲುತ್ತದೆ. ಅವನ ಮೇಲಧಿಕಾರಿ ನೇತ್ರಾ ಕುಮಟೆಯ ಕಡೆಯವಳೇ, ಕೆಟ್ಟವಳಲ್ಲ. ಫೋನಿನಲ್ಲಿ ಎಲ್ಲ ಕೇಳಿ, "ಅದು ನಮ್ಮ ಪ್ರಶ್ನೆಗಳಲ್ಲಿ ಇರ್ಲಿಲ್ಲ. ನೀವು ಕೇಳ್ಬೇಕಾಗಿರ್ಲಿಲ್ಲ" ಎಂದಳು. ಆಮೇಲೆ, "ಬರೆದ್ರೆ ಎರಡೂ ದಡಕ್ಕೆ ಇಲ್ಲ. ಅಷ್ಟು ನೆನಪಿಟ್ಕೊಂಡು ಬರೀರಿ" ಎಂದಳು.

ಅವನು ಬರೆದ. ಅಯ್ಯೋ, ಇವನಿಗೆ ಯಾವ ಗ್ರಹಚಾರ ಬಡಿದಿತ್ತು! ನಾನಾಗಿದ್ದರೆ ಬರೆಯುತ್ತಿರಲಿಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಸಿಟ್ಟು ತಾಳಲಾರದೆ ಅವನನ್ನೇ ಕೇಳಿದೆ, ಯಾರ ಉದ್ಧಾರಕ್ಕೆ ಬರೆದೆ ಎಂದು. ಅವನು ಕೋಟಿನ ಗುಂಡಿ ತಿರುವುತ್ತ, "ಈ ಅಂಕಿ ನಂಬಿ ಕರಾವಳಿ ಪೂರ್ತಿ ಹಂಚ್ತಾರೆ. ಎಲ್ಲ ಕಡೆ ಮೊದ್ಲು ಒಂದು ದಡಕ್ಕೆ ಕೊಟ್ಟು ಇನ್ನೊಂದು ದಡ ಕಾಯಿಸ್ತಾರೆ. ಎಷ್ಟು ಲಕ್ಕಕ್ಕಂದಿರು?" ಎಂದ. ತರ್ಕದಲ್ಲಿ ಲೋಪವಿರಲಿಲ್ಲ. ಆದರೆ ಊರೂರಿನ ಹೆಸರಿಲ್ಲದ ಲಕ್ಕಿಯರಿಗಾಗಿ ಅವನು ಬಿಟ್ಟುಕೊಟ್ಟದ್ದು ಹೆಸರಿದ್ದ ಒಬ್ಬಳನ್ನು, ತನಗೆ ಚಾ ಕೊಟ್ಟವಳನ್ನು. ಅದೂ ಅವನಿಗೆ ಗೊತ್ತಿತ್ತು.

ಯೋಜನೆ ನಿಂತಿತು. ಈಚೆ ದಡದ ಶೆಡ್ಡಿಗೂ ಬೀಗ ಬಿತ್ತು. ಇಂಥ ಸುದ್ದಿಯನ್ನು ಸಂಶೋಧಕರು ಹೋಗಿ ಹೇಳುವ ಪದ್ಧತಿಯಿಲ್ಲ; ಇವನು ಹೋದ. ಕೋಟು ದೋಣಿಯಿಂದ ಇಳಿಯುವುದನ್ನು ಕಂಡೇ ಲಕ್ಕಿ ಶೆಡ್ಡು ಬಂತೆಂದು ತಿಳಿದು ಅಕ್ಕಪಕ್ಕದವರನ್ನು ಕೂಗಿ ಕರೆದಿದ್ದಳು. ಜಗುಲಿಯ ತುಂಬ ಹೆಂಗಸರು, ನಡುವೆ ಇವನು. ಎಲ್ಲವನ್ನೂ ಹೇಳಿದ. ತಾನೇ ಬರೆದದ್ದು ಎಂಬುದನ್ನೂ ಹೇಳಿದ. ಒಬ್ಬೊಬ್ಬರಾಗಿ ಎದ್ದು ಹೋದರು; ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದು ಅವರಿಗೆ ಹೊಸತೇನಲ್ಲ.

ಲಕ್ಕಿ ಮಾತ್ರ ಕುಳಿತಿದ್ದಳು. ಅಷ್ಟು ದಿನ ಸರ್ ಎನ್ನುತ್ತಿದ್ದವಳು ಅಂದು ಮೊದಲ ಸಲ ಅವನನ್ನು ತಮ್ಮ ಎಂದಳು. "ನೀ ಈ ದಡಕ್ಕೆ ಬಾರ್ದೇ ಇದ್ದಿದ್ರೆ ನಾ ವ್ಯಾನು ಹತ್ತತಿದ್ದೆ ತಮಾ. ರೋಹಿಣಿ ಈಗ ನರ್ಸ್ ಆಗ್ತಿದ್ಳು." ದೂರಿನ ದನಿಯಲ್ಲ, ಹೊಳೆ ಇಳಿದಿದೆ, ಗಾಳಿ ತಿರುಗಿದೆ ಎನ್ನುವ ದನಿ. ಆಮೇಲೆ, "ಆ ವ್ಯಾನಿನವಂಗೆ ಒಂಚೂರು ಹೇಳ್ತ್ಯಾ, ಇಲ್ಲಿ ನಿಲ್ಸು ಅಂತ?" ಎಂದಳು.

ಅವನು ರಸ್ತೆಗೆ ಹೋಗಿ ನಿಂತ. ವ್ಯಾನು ಬಂತು. ಎರಡು ದಡಕ್ಕೆ ಸಮನಾಗಿ ಚಾ ಕುಡಿಯುತ್ತಿದ್ದ, ಮೊಗೆಕಾಯಿ ಹಿಂದಿರುಗಿಸಿದ, ಯಾರ ಪರವಾಗಿಯೂ ಒಂದು ಬೆರಳೆತ್ತದ ವೆಂಕಟ್ರಮಣ ಎರಡೂ ಕೈ ಬೀಸಿ ಕೂಗಿದ, ನಾಲ್ಕು ಹೆಜ್ಜೆ ಓಡಿಯೂ ಓಡಿದ. ವ್ಯಾನು ತುಂಬಿತ್ತು. ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ ಜಾಗವಿಲ್ಲ ಎಂದು ಸನ್ನೆ ಮಾಡಿ ಮುಂದೆ ಹೋದ. ಮರುದಿನ ಫ್ಯಾಕ್ಟರಿಗೂ ಹೋಗಿ ಕೇಳಿದ. ಈಗ ಯಾರೂ ಬೇಡ ಎಂದರು. ರೋಹಿಣಿ ಕುಮಟೆಯ ಒಂದು ಬಟ್ಟೆಯಂಗಡಿಯಲ್ಲಿ ನಿಂತು ಸೀರೆ ಮಡಿಸುತ್ತಾಳೆ.

ಅವನು ಕೆಲಸ ಬಿಟ್ಟಿಲ್ಲ. ಬಿಟ್ಟು ಎಲ್ಲಿಗೆ ಹೋದಾನು? ಕೋಟು ಅದೇ, ಇಳಿದ ಭುಜ ಅದೇ. ಆದರೆ ಆ ಪ್ರಶ್ನೆ ಅವನ ಬಾಯಿಂದ ಮತ್ತೆ ಬಂದಿಲ್ಲ. ಮೊನ್ನೆ ಮಾಸ್ತಮ್ಮ ಇಡಗುಂಜಿಯಿಂದ ಬಂದು, "ಈ ಸಲ ಹರಕೆಯಿಂದ್ಲೇ ಕೆಮ್ಮು ಹೋಯ್ತು ನೋಡು" ಎಂದು ಬೇಕೆಂದೇ ಕೆಣಕಿದಳು. ಅವನು "ಹೌದಮ್ಮಾ" ಎಂದ. ಅವಳು ನಮ್ಮ ಮನೆಗೆ ಬಂದು ಕೂತು, "ಮಗ ಎಂತ ಹೇಳಿದ್ರೂ ಹೌದು ಅಂತಾನೆ, ನಂಗೆ ಹೆದ್ರಿಕೆ ಆಗ್ತದೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಲೋಕೋಪಕಾರವನ್ನು ಅಳೆಯಲು ಹೊರಡುವ ಸಜ್ಜನರ ಒಂದು ವರ್ಗವೇ ಇದೆ. ಕೊಡುವವರ ಗರ್ವವೂ ಅವರಿಗಿಲ್ಲ, ಪಡೆಯುವವರ ದೈನ್ಯವೂ ಇಲ್ಲ; ನಡುಹೊಳೆಯಲ್ಲಿ ನಿಂತು ಎರಡು ದಡವನ್ನೂ ಸಮನಾಗಿ ನೋಡುತ್ತೇವೆಂದು ಅವರು ನಂಬಿರುತ್ತಾರೆ. ಆದರೆ ಬಡವರ ಮನೆಯ ಬಾಗಿಲಿಗೆ ಹೋಗಿ ಏನಾದರೂ ಕೇಳಿದವನು ಕೇಳಿದಷ್ಟಕ್ಕೇ ಅಲ್ಲಿ ಒಂದು ಆಸೆಯನ್ನು ಇಟ್ಟು ಬಂದಿರುತ್ತಾನೆ, ಮತ್ತು ಆ ಆಸೆಯ ಮೇಲೆ ಯಾರೋ ತಮ್ಮ ಮಗಳ ಬಾಳನ್ನು ನಿಲ್ಲಿಸಿರುತ್ತಾರೆ. ಇಂಥವರು ಬಂದುಹೋದದ್ದರಿಂದ ಊರಿಗೆ ಏನಾಯಿತು ಎಂದು ತಿಳಿಯಬೇಕಾದರೆ, ಅವರದೇ ಶಾಸ್ತ್ರದ ಪ್ರಕಾರ, ಅವರು ಬಾರದೇ ಹೋದ ಇನ್ನೊಂದು ಊರು ಬೇಕು. ಲಕ್ಕಿಗೆ ಆ ಊರು ಬೇಕಾಗಲಿಲ್ಲ. ಜಗುಲಿಯ ಮೇಲೆ ಕೂತೇ ಅವಳಿಗೆ ತಿಳಿದಿತ್ತು.