ಒಂದು ಹೂಂ, ನಾಲ್ಕು ಗುಂಡಿ

ನಮ್ಮ ಕ್ಯಾಪ್ಟನ್ ಸಾಹೇಬರಿಗೆ ವಿಮಾನ ಹಾರಿಸುವುದು ನೀರು ಕುಡಿದಷ್ಟು ಸಲೀಸು. ಕಷ್ಟವಾಗುತ್ತಿದ್ದದ್ದು ಒಂದೇ, ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು. ಯಾರು ಏನೇ ಹೇಳಲಿ, ಅರ್ಧಕ್ಕೇ "ಹೂಂ" ಅಂದುಬಿಡುತ್ತಿದ್ದರು. ಆ ಹೂಂ ಎಂದರೆ ಸರಿ ಎಂದೋ, ಆಮೇಲೆ ನೋಡೋಣ ಎಂದೋ, ತಲೆ ತಿನ್ನಬೇಡ ಎಂದೋ, ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೇ ಗೊತ್ತಾಗುತ್ತಿರಲಿಲ್ಲ.

ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಆವತ್ತು ಬೆಳಗ್ಗೆ ಸಾಹೇಬರು ಶೂ ಹಾಕಿಕೊಳ್ಳುತ್ತಿದ್ದಾಗ ಮೆಷಿನ್ ತುಳಿಯುತ್ತಲೇ ಅಂದರು, "ರೀ, ಸಂಜೆ ಹೊತ್ತಿಗೆ ನಾಲ್ಕು ಗುಂಡಿ ಬೇಕು. ದೊಡ್ಡವು. ಹೆಡ್‌ಮಿಸ್ ಕೋಟಿಗೆ."

ಕೊನೆಯ ಮಾತನ್ನು ಮೆಷಿನ್ ಸದ್ದು ನುಂಗಿತು. ಹಿಂದಿನ ದಿನವಷ್ಟೇ ಹಿತ್ತಲಲ್ಲಿ ಗಿಡ ನೆಡುವ ಮಾತಾಗಿತ್ತು. ಸಾಹೇಬರ ತಲೆಯಲ್ಲಿ ಗಿಡ ಕೂತಿತ್ತು, ಕಿವಿ ಅದಕ್ಕೆ ತಕ್ಕ ಹಾಗೆ ಕೇಳಿಸಿಕೊಂಡಿತು.

"ಹೂಂ," ಅಂದರು. ಹೋಗುವಾಗ ತೋಟದ ಕೆಲಸದವನಿಗೆ ಹೇಳಿಯೇ ಹೋದರು.

ಸಂಜೆ ಮನೆಗೆ ಬಂದರೆ ಶಾಲೆಯ ಹೆಡ್‌ಮಿಸ್ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದಾರೆ. ಕೋಟು ಗುಂಡಿಯಿಲ್ಲದೆ ಬಾಯಿ ತೆರೆದುಕೊಂಡು ನೇತಾಡುತ್ತಿದೆ.

"ಗುಂಡಿ ಎಲ್ರೀ?" ಹೆಂಡತಿ ಕೈ ಚಾಚಿದರು.

"ಹಿತ್ತಲಲ್ಲಿ!" ಸಾಹೇಬರು ಎದೆಯುಬ್ಬಿಸಿ ಹೇಳಿದರು.

ಅಷ್ಟರಲ್ಲಿ ಮೈಯೆಲ್ಲ ಮಣ್ಣು ಮಾಡಿಕೊಂಡ ಕೆಲಸದವನು ಬಾಗಿಲಿಗೆ ಬಂದ. "ನಾಲ್ಕೂ ರೆಡಿ ಯಜಮಾನ್ರೇ! ಒಂದೊಂದೂ ಸೊಂಟದ ತನಕ ಬಂದಿದೆ."

"ಅಯ್ಯಯ್ಯೋ, ನನ್ನ ಕೋಟಿಗಾ?" ಹೆಡ್‌ಮಿಸ್ ಎದ್ದೇ ನಿಂತರು.

ಅವರನ್ನು ಹೇಗೋ ಸಮಾಧಾನ ಮಾಡಿ ಕಳಿಸಿದ ಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟರು. "ನೋಡಿ, ಗಿರಾಕಿ 'ತೋಳು ಹದಿನೆಂಟು' ಅಂದ್ರೆ ನಾನು 'ಹದಿನೆಂಟು, ಅಲ್ವಾ ಅಕ್ಕ?' ಅಂತ ತಿರುಗಿ ಹೇಳ್ತೀನಿ. ಅವರು ಹೌದು ಅಂದ ಮೇಲೇ ಬಟ್ಟೆಗೆ ಕತ್ತರಿ. ನೀವು ಮೇಲೆ ಹೋದಾಗ್ಲೂ ಏರ್‌ಪೋರ್ಟ್ ಟವರ್‌ನವರಿಗೆ ಬರೀ ಹೂಂ ಅಂತೀರಾ?"

"ಅಲ್ಲಿ ಹೂಂ ಅನ್ನಲ್ಲ ಕಣೇ. ರೋಜರ್ ಅಂತೀವಿ."

"ಹಂಗಂದ್ರೆ?"

"ಹಂಗಂದ್ರೆ... ಕೇಳಿಸ್ತು ಅಂತ."

"ಅದೂ ಹೂಂ ತಾನೇ! ಕೇಳಿಸಿದ್ದೇನು ಅಂತ ಅವರಿಗೆ ಹೆಂಗೆ ಗೊತ್ತಾಗುತ್ತೆ?"

"ತಿರುಗಿ ಹೇಳ್ಬೇಕು ಅಂತ ನಿಯಮ ಇದೆ. ಅದೆಲ್ಲ ಹೊಸಬರಿಗೆ ಬಿಡು. ದಿನಾ ಇಳಿಸೋ ಜಾಗ, ನಾನು ಕಣ್ಣು ಮುಚ್ಚಿಕೊಂಡು ಇಳಿಸ್ತೀನಿ."

"ಕಣ್ಣೂ ಮುಚ್ಚಿ, ಕಿವೀನೂ ಮುಚ್ಚಿ. ಚೆನ್ನಾಗಿದೆ," ಅಂದರು ಹೆಂಡತಿ.

ಮರುದಿನ ಸಾಹೇಬರ ಪಕ್ಕದ ಸೀಟಿನಲ್ಲಿದ್ದ ಪೈಲಟ್‌ಗೆ ಎಲ್ಲರೂ ಇಟ್ಟ ಹೆಸರು 'ಇನ್ನೊಂದ್ಸಲ ಮೇಡಂ'. ಏನು ಹೇಳಿದರೂ "ಇನ್ನೊಂದ್ಸಲ ಹೇಳಿ" ಅನ್ನುವ ಹೆಣ್ಣುಮಗಳು. ಸಾಹೇಬರಿಗೆ ಅವರನ್ನು ಕಂಡರೆ ತಲೆನೋವು. ಹಿಂದೆ ನೂರ ನಲವತ್ತು ಜನ ಪ್ರಯಾಣಿಕರು, ಕೆಳಗೆ ದಟ್ಟ ಮೋಡ, ಇಳಿಯಲು ಇನ್ನು ಹತ್ತೇ ನಿಮಿಷ.

ಟವರ್‌ನಿಂದ ಮಾತು ಒಂದೇ ಉಸಿರಿಗೆ ಬಂತು. "ನಾಲ್ಕು ಸಾವಿರ ಅಡಿಯಲ್ಲೇ ಇರಿ. ಎಡಗಡೆ ರನ್‌ವೇಗೆ ಅನುಮತಿ ಮುಂದೆ ಸಿಗುತ್ತೆ."

ಸಾಹೇಬರ ಕಿವಿಗೆ ಬಿದ್ದದ್ದು ಎರಡೇ ಮಾತು, ಎಡಗಡೆ ರನ್‌ವೇ ಮತ್ತು ಅನುಮತಿ. ದಿನವೂ ಇದೇ ಜಾಗದಲ್ಲಿ ಮೂರು ಸಾವಿರ ಅಡಿಗೆ ಇಳಿಯಲು ಅನುಮತಿ ಸಿಗುತ್ತಿತ್ತಲ್ಲ! "ರೋಜರ್," ಅಂದುಬಿಟ್ಟರು. ಟವರ್‌ನವರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ, ಮುಂದಿನ ವಿಮಾನದ ಜೊತೆ ಮಾತಿಗಿಳಿದರು. ಸಾಹೇಬರ ಕೈ ಎತ್ತರ ಬದಲಿಸುವ ಗುಂಡಿಯ ಮೇಲೆ ಹೋಯಿತು.

"ಸರ್, ಇಳೀರಿ ಅಂದ್ರಾ, ಇರಿ ಅಂದ್ರಾ?"

"ಇಳೀರಿ ಅಂತಾನೇ ಅಂದಿದ್ದು! ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ನನಗೇ ಹೇಳಿಕೊಡ್ತೀರೇನ್ರೀ?"

ಇನ್ನೊಂದ್ಸಲ ಮೇಡಂ ಜಗ್ಗಲಿಲ್ಲ. "ನನಗೆ ಇರಿ ಅಂತ ಕೇಳಿಸ್ತು ಸರ್. ಆ ಗುಂಡಿ ತಿರುಗಿಸೋಕೆ ಮುಂಚೆ ಒಂದ್ಸಲ ಕೇಳ್ಬಿಡಿ."

ಗುಂಡಿ!

ಸೊಂಟದ ತನಕ ತೋಡಿದ ನಾಲ್ಕೂ ಗುಂಡಿಗಳು ಸಾಹೇಬರ ಕಣ್ಣ ಮುಂದೆ ಬಂದವು. ಕೈ ಅಲ್ಲೇ ನಿಂತಿತು. ಮೊದಲ ಸಲ ಟವರ್‌ನವರನ್ನು ಬಾಯಿಬಿಟ್ಟು ಕೇಳಿದರು, "ಮೂರು ಸಾವಿರಕ್ಕೆ ಇಳಿಯೋಕೆ ಅನುಮತಿ ಕೊಟ್ಟಿದ್ದೀರಿ. ಸರಿನಾ?"

"ಇಲ್ಲ! ಇಲ್ಲ! ನಾಲ್ಕು ಸಾವಿರದಲ್ಲೇ ಇರಿ! ಮೂರು ಸಾವಿರದಲ್ಲಿ, ನಿಮ್ಮ ಕೆಳಗೇ ಇನ್ನೊಂದು ವಿಮಾನ ಇದೆ. ತಿರುಗಿ ಹೇಳಿ!"

ಸಾಹೇಬರು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ಅಷ್ಟರಲ್ಲಿ ಮೋಡ ಸರಿಯಿತು. ಕೆಳಗೆ, ಅವರು ಇಳಿಯಬೇಕೆಂದಿದ್ದ ಜಾಗದಲ್ಲೇ, ಒಂದು ಬಿಳಿ ವಿಮಾನ ತನ್ನ ಪಾಡಿಗೆ ಹೋಗುತ್ತಿತ್ತು. ಅದರೊಳಗೂ ಜನ ಇದ್ದರು.

"ಥ್ಯಾಂಕ್ಸ್ ರೀ ಮೇಡಂ," ಅಂದರು, ಅದೂ ಸಣ್ಣ ದನಿಯಲ್ಲಿ.

ಮನೆಗೆ ಬಂದು ನಡೆದದ್ದೆಲ್ಲ ಹೆಂಡತಿಗೆ ಹೇಳಿದರು. ಹೆಂಡತಿ ಈ ಸಲ ತಮಾಷೆ ಮಾಡಲಿಲ್ಲ. ಮೆಷಿನ್ ನಿಲ್ಲಿಸಿ ಎದ್ದು ಬಂದರು. "ಹಿತ್ತಲ ಗುಂಡಿ ಮಣ್ಣು ಹಾಕಿ ಮುಚ್ಚಬಹುದು ರೀ. ಇಂಥ ತಪ್ಪನ್ನ ಯಾವುದ್ರಿಂದ ಮುಚ್ಚೋದು?" ಅಂದು ಗಂಡನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಆವತ್ತಿನಿಂದ ಮನೆಯಲ್ಲಿ ಬೇರೆಯೇ ಕಾಟ. "ರೀ, ಊಟಕ್ಕೆ ಬನ್ನಿ," ಅಂದರೆ, "ಊಟಕ್ಕೆ ಬರಬೇಕು. ಈಗಲೇ. ಸರಿನಾ?" ಅನ್ನುತ್ತಾರೆ.

"ಹೂಂ ಮಾರಾಯ್ರೇ, ಹೂಂ!" ಈಗ ಹೂಂ ಅನ್ನುವ ಸರದಿ ಹೆಂಡತಿಯದು.

ವಿಮಾನ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಇಳಿಯುವ ಜಾಗ ನಿಮಗೆ ಎಷ್ಟೇ ಪರಿಚಯವಿರಲಿ, ಎತ್ತರ, ರನ್‌ವೇ, ಅನುಮತಿ ಇವನ್ನು ಕೇಳಿಸಿಕೊಂಡ ಹಾಗೆಯೇ ತಿರುಗಿ ಹೇಳಿ. ಸಿಗುತ್ತೆ ಅಂದರೆ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ. ಪಕ್ಕದವರಿಗೆ ಅನುಮಾನ ಬಂದರೆ ಗದರಬೇಡಿ, ಟವರ್‌ಗೆ ಇನ್ನೊಂದು ಸಲ ಕೇಳಿ. ಟವರ್‌ನಲ್ಲಿ ಕೂತವರೇ, ಎಷ್ಟೇ ಅವಸರವಿದ್ದರೂ ಬರೀ ರೋಜರ್‌ಗೆ ಒಪ್ಪಿಕೊಳ್ಳಬೇಡಿ.

ನಮ್ಮ ಸಾಹೇಬರ ಹಿತ್ತಲಲ್ಲಿ ಮೂರು ಗಿಡ ಚಿಗುರಿವೆ. ನಾಲ್ಕನೆಯ ಗುಂಡಿಯನ್ನು ಅವರು ಮುಚ್ಚಿಸಿಲ್ಲ. ಡ್ಯೂಟಿಗೆ ಹೊರಡುವ ಮುಂಚೆ ಒಮ್ಮೆ ಹೋಗಿ ನೋಡಿಕೊಂಡು ಬರುತ್ತಾರೆ.

ಇಷ್ಟು ಹೇಳಿದ್ದು ಅರ್ಥವಾಯಿತಾ? ಹೂಂ ಅನ್ನಬೇಡಿ. ತಿರುಗಿ ಹೇಳಿ.